ಪೂಜೆಗಿಟ್ಟ ಲೆಕ್ಕದ ಪುಸ್ತಕ

ಅಕ್ಷರವನ್ನು ಅನುಗ್ರಹಿಸಿದ ತಾಯಿ ಶಾರದೆಗೆ ಮೊದಲು ತಲೆಬಾಗುತ್ತೇನೆ. ನನ್ನ ಬೆರಳು ಹಿಡಿದು ಅಕ್ಕಿಯ ಮೇಲೆ ಓಂಕಾರ ತಿದ್ದಿಸಿದ ತಂದೆಯವರಿಗೆ, ತಿಂಗಳ ಕೊನೆಯ ವಾರದಲ್ಲೂ ಯಾರ ಎಲೆಯೂ ಬರಿದಾಗದಂತೆ ನೋಡಿಕೊಂಡ ನಮ್ಮ ಮನೆಯ ಹೆಂಗಸರಿಗೆ, ಬಾಡಿಗೆ ನಾಲ್ಕು ದಿನ ತಡವಾದರೂ ಬಾಗಿಲಲ್ಲಿ ನಿಂತು ದನಿಯೆತ್ತದಿದ್ದ ಮನೆಯೊಡೆಯರಿಗೆ ನಮಸ್ಕಾರ. ಇವರ ಉಪಕಾರದಿಂದಲೇ ಎಂಬತ್ತು ದಾಟಿದ ಮೇಲೂ ಬೆಳಗಿನ ಅರ್ಘ್ಯವನ್ನು ಸ್ವಂತ ಕೈಯಿಂದ ಬಿಡುವಷ್ಟು ಶಕ್ತಿ ಉಳಿದಿದೆ. ಆ ಶಕ್ತಿ ಇರುವಾಗಲೇ, ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಒಂದು ವರ್ಷದ ಸಂಗತಿಯನ್ನು ಬರೆದುಬಿಡಬೇಕೆನಿಸಿದೆ.

ಹೋದ ತಿಂಗಳು ಕಣ್ಣು ತೋರಿಸಲೆಂದು ಜಯನಗರದ ಒಂದು ಆಸ್ಪತ್ರೆಗೆ ಹೋಗಿದ್ದೆ. ಆಯುಧಪೂಜೆ ಕಳೆದು ಒಂದೇ ದಿನವಾಗಿತ್ತು. ಬಾಗಿಲಿಗೆ ಕಟ್ಟಿದ್ದ ಚೆಂಡುಹೂವಿನ ಸರ ಇನ್ನೂ ಪೂರ್ತಿ ಬಾಡಿರಲಿಲ್ಲ. ಒಳಗಿನ ನೆಲವನ್ನು ಆಗತಾನೆ ಫಿನಾಯಿಲ್ ಹಾಕಿ ಒರೆಸಿದ್ದರು. ಆ ಎರಡು ವಾಸನೆಗಳೂ ಒಟ್ಟಿಗೆ ಬಂದಾಗ ನಾನು ಪಕ್ಕದ ಬೆಂಚನ್ನು ಹುಡುಕಿ ಕುಳಿತೆ.

"ಏನಪ್ಪ, ತಲೆ ಸುತ್ತತ್ತಾ?" ಎಂದಳು ಜೊತೆಗೆ ಬಂದಿದ್ದ ಮಗಳು.

"ಇಲ್ಲಮ್ಮ, ಸುಸ್ತು, ಅಷ್ಟೆ" ಎಂದೆ.

ನಾನು ಹೇಳಹೊರಟ ಆ ವರ್ಷ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಬನಶಂಕರಿ ಎರಡನೆಯ ಹಂತದಲ್ಲಿ ಬಾಡಿಗೆಗಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ಅದರ ಮೂಲೆಯಲ್ಲೇ ದೇವರ ಗೂಡು. ಹಿಂದಿನ ಕಿಟಕಿ ತೆರೆದರೆ ಇಟ್ಟಮಡುವಿನ ಕಡೆಗೆ ಇನ್ನೂ ರಾಗಿಯ ಹೊಲ ಕಾಣುತ್ತಿತ್ತು. ಮನೆಯ ಒಡೆಯರಾದ ಮುನಿಯಪ್ಪನವರು ಆ ಹೊಲಗಳ ಪೈಕಿ ಕೆಲವನ್ನು ಉತ್ತು ಬೆಳೆದವರೇ; ಭೂಮಿ ಬಡಾವಣೆಗೆ ಹೋದಾಗ ಬಂದ ಹಣದಲ್ಲಿ ಈ ಮನೆಯನ್ನೂ ತರಕಾರಿ ಸಾಗಿಸುವ ಒಂದು ವ್ಯಾನನ್ನೂ ಮಾಡಿಕೊಂಡು ಮೇಲಿನ ಅಂತಸ್ತಿನಲ್ಲಿ ವಾಸವಾಗಿದ್ದರು. ನಾನು ಜಯನಗರದ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತದ ಅಧ್ಯಾಪಕ. ಬೆಳಿಗ್ಗೆ ಶಾಲೆಗೆ ಮೊದಲು ಎರಡು ಮನೆಪಾಠ, ಸಂಜೆ ಶಾಲೆಯ ನಂತರ ಒಂದು. ಮನೆಯಲ್ಲಿ ಅಮ್ಮ, ನನ್ನ ಪತ್ನಿ ಜಾನಕಿ, ನಮ್ಮಿಬ್ಬರು ಹೆಣ್ಣುಮಕ್ಕಳು ಮತ್ತು ನನ್ನ ತಂಗಿ ವಿಶಾಲಾಕ್ಷಿ. ನಾವೆಲ್ಲ ವಿಶಾಲು ಎನ್ನುತ್ತಿದ್ದೆವು. ನನಗಿಂತ ಹತ್ತು ವರ್ಷ ಚಿಕ್ಕವಳು. ಮದುವೆಯಾಗಿ ಮೂರನೆಯ ವರ್ಷದಲ್ಲೇ ಪತಿಯನ್ನು ಕಳೆದುಕೊಂಡು ಒಂದು ತಗಡಿನ ಪೆಟ್ಟಿಗೆಯೊಡನೆ ನಮ್ಮಲ್ಲಿಗೆ ಬಂದಿದ್ದಳು. ಆಗಲೇ ಎಂಟು ವರ್ಷ ಕಳೆದಿತ್ತು.

ನಮ್ಮ ಮನೆಯಲ್ಲಿ ಲೆಕ್ಕ ಬರೆಯುವುದು ತಂದೆಯವರ ಕಾಲದಿಂದ ಬಂದ ನೇಮ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಪ್ರತಿ ಪುಟದ ನೆತ್ತಿಯ ಮೇಲೆ ಶ್ರೀಕಾರ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ತಂದೆಯವರು ವಿಧಿಸಿದ್ದ ನಿಯಮಗಳು ಎರಡೇ. ಕೈಯಿಂದ ಹೋದ ಒಂದು ಪೈಸೆಯೂ ಬರೆಯದೆ ಉಳಿಯಬಾರದು. ಬರೆದದ್ದನ್ನು ಹೊಡೆದುಹಾಕಬಾರದು, ತಪ್ಪಾಗಿದ್ದರೆ ಕೆಳಗೆ ಇನ್ನೊಂದು ಸಾಲಿನಲ್ಲಿ ಸರಿಯಾದುದನ್ನು ಬರೆಯಬೇಕು. ಶ್ರೀಕಾರದ ಕೆಳಗೆ ಬರೆದದ್ದು ದೇವರ ಎದುರಿಗೆ ಆಡಿದ ಮಾತು ಎಂಬುದು ಅವರ ನಂಬಿಕೆ, ನನ್ನದೂ ಅದೇ. ಹಣವೆಲ್ಲ ದೇವರ ಗೂಡಿನ ಕೆಳಗಿನ ಬಿಸ್ಕತ್ತಿನ ಡಬ್ಬಿಯಲ್ಲಿ. ತಿಂಗಳ ಕೊನೆಯಲ್ಲಿ ಡಬ್ಬಿಯೂ ಪುಸ್ತಕವೂ ಒಂದೇ ಮಾತು ಹೇಳಬೇಕು. ಹೇಳಿದರೆ 'ಲೆಕ್ಕ ಸರಿ' ಎಂದು ಬರೆದು ಸಹಿ ಹಾಕುತ್ತಿದ್ದೆ.

ಸಂಜೆ ಸಂಧ್ಯಾವಂದನೆ ಮುಗಿಸಿ ಪುಸ್ತಕ ತೆರೆಯುವ ಹೊತ್ತಿಗೆ ಕಣ್ಣುಗಳು ಉರಿಯುತ್ತಿದ್ದವು. ಇಡೀ ದಿನ ಶಬ್ದರೂಪಗಳನ್ನು ಹೇಳಿಕೊಟ್ಟ ಗಂಟಲು ಒಣಗಿರುತ್ತಿತ್ತು. ಅಂಗಡಿ, ಸೊಪ್ಪು, ಸೀಮೆಎಣ್ಣೆಯ ಸಾಲು ಎಲ್ಲವೂ ವಿಶಾಲುವಿನ ಪಾಲಿನ ಕೆಲಸವಾದ್ದರಿಂದ ಅವಳೇ ಎದುರು ಕುಳಿತು ಅಂದಂದಿನ ಖರ್ಚನ್ನು ಒಪ್ಪಿಸುತ್ತಿದ್ದಳು. ಅವಳ ನೆನಪು ಅಸಾಧಾರಣ. ಚೀಟಿ ಬೇಕಿರಲಿಲ್ಲ.

"ಕೊತ್ತಂಬರಿ ಹದಿನೈದು ಪೈಸೆ. ಬದನೆಕಾಯಿ ಅರವತ್ತು. ಸೊಪ್ಪಿನವಳು ಐದು ಪೈಸೆ ಚಿಲ್ಲರೆ ಇಲ್ಲ, ನಾಳೆ ಕೊಡ್ತೀನಿ ಅಂದ್ಲು. ಬರ್ಕೊ ಅಣ್ಣ, ಸೊಪ್ಪಿನವಳ ಹತ್ರ ಐದು ಪೈಸೆ."

"ಅದನ್ನೂ ಬರೀಬೇಕಾ ವಿಶಾಲು? ಕೈ ನೋವ್ತಾ ಇದೆ."

"ಬರೀದೆ ಹೋದ್ರೆ ಮೇಲೆ ಚಿತ್ರಗುಪ್ತ ಪಾಪ ತಲೆ ಕೆರ್ಕೋತಾನೆ. ಬನಶಂಕರಿ ಮೇಷ್ಟ್ರ ಮನೆ ಐದು ಪೈಸೆ ಎಲ್ಲಿ ಹೋಯ್ತು ಅಂತ."

ಒಳಗಿನಿಂದ ಜಾನಕಿ ನಗುತ್ತಿದ್ದಳು. ಅಮ್ಮನೂ ನಗುತ್ತಿದ್ದಳು, ನಗು ಕೆಮ್ಮಾಗುವವರೆಗೆ. ದಣಿದ ದಿನಗಳ ಕೊನೆಯಲ್ಲಿ ಆ ಅರ್ಧ ಗಂಟೆಯೇ ನಮ್ಮ ವಿನೋದವಾಗಿತ್ತು. ಅದಕ್ಕೆ ಬೆಲೆಯಿತ್ತೆಂದು ಆಗ ನಾನು ತಿಳಿದಿರಲಿಲ್ಲ.

ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನು ಪೀಠದ ಮೇಲಿಟ್ಟು ಶಾರದೆಯನ್ನು ಆವಾಹಿಸುತ್ತೇವೆ. ಶ್ರವಣದಲ್ಲಿ ವಿಸರ್ಜಿಸುವವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಅದು ತಾಯಿಗೆ ವಿಶ್ರಾಂತಿಯ ಕಾಲ. ರಾಮಾಯಣ, ಭಾರತ, ವ್ಯಾಕರಣದ ಗ್ರಂಥಗಳ ಕೆಳಗೆ ನಾನು ಲೆಕ್ಕದ ಪುಸ್ತಕವನ್ನೂ ಇಡುತ್ತಿದ್ದೆ. ತಂದೆಯವರೂ ಹಾಗೆಯೇ ಇಡುತ್ತಿದ್ದರು.

"ಹುಣಸೆಹಣ್ಣು, ಸೀಗೆಪುಡಿ ಬರ್ದಿರೋ ಪುಸ್ತಕಕ್ಕೂ ಹೂವಾ?" ಎಂದು ಜಾನಕಿ ಪ್ರತಿ ವರ್ಷವೂ ಕೇಳುತ್ತಿದ್ದಳು.

"ಅದರಲ್ಲಿರೋದೂ ಅಕ್ಷರವೇ ಅಲ್ವೇನೆ?" ಎಂದು ನಾನೂ ಪ್ರತಿ ವರ್ಷವೂ ಹೇಳುತ್ತಿದ್ದೆ.

ಹೀಗೆ ಆ ದಿನಗಳ ಖರ್ಚು ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ಚೀಟಿಯಲ್ಲಿ ಗುರುತು ಹಾಕುವುದೂ ಬರೆದಂತೆಯೇ ಆದ್ದರಿಂದ ಅದೂ ಇಲ್ಲ. ವಿಜಯದಶಮಿಯ ಸಂಜೆ ಪುಸ್ತಕವನ್ನು ಪೀಠದಿಂದ ಇಳಿಸಿ, ವಿಶಾಲು ನೆನಪಿನಿಂದ ಹೇಳುತ್ತ ಹೋದದ್ದನ್ನು ಬರೆದುಕೊಳ್ಳುವುದು ವಾಡಿಕೆ. ಎಂಟು ವರ್ಷವೂ ಒಂದು ಪೈಸೆ ಹೆಚ್ಚುಕಡಿಮೆಯಾಗಿರಲಿಲ್ಲ.

ಆ ವರ್ಷ ಆಯುಧಪೂಜೆಯ ದಿನ ಮಧ್ಯಾಹ್ನ ಅಮ್ಮನಿಗೆ ಉಸಿರು ಕಟ್ಟಿತು. ಹಳೆಯ ಉಬ್ಬಸವೇ, ಆದರೆ ಆ ದಿನ ತುಟಿಗಳು ನೀಲಿಗಟ್ಟಿದ್ದನ್ನು ಕಂಡು ಜಾನಕಿ ಕೂಗಿಕೊಂಡಳು. ಮನೆಯ ಮುಂದಿನ ರಸ್ತೆಯಲ್ಲಿ ಮುನಿಯಪ್ಪನವರು ಆಗತಾನೆ ವ್ಯಾನಿಗೆ ಪೂಜೆ ಮುಗಿಸಿ ಬೂದುಗುಂಬಳಕಾಯಿ ಒಡೆದಿದ್ದರು. ಮುಂಭಾಗದ ಎರಡೂ ಬದಿಗೆ ಬಾಳೆಕಂದು, ಗಾಜಿನ ಮೇಲೆಲ್ಲ ಚೆಂಡುಹೂವಿನ ಸರ, ಚಕ್ರಗಳ ಕೆಳಗೆ ಇನ್ನೂ ನಿಂಬೆಹಣ್ಣು.

"ಎತ್ಕೊಂಬನ್ನಿ ಮೇಷ್ಟ್ರೇ ಅಮ್ಮಾರ್ನ. ಇದಕ್ಕಿಂತ ಒಳ್ಳೆ ಮೊದಲ್ನೇ ಓಡಾಟ ಯಾವುದೈತೆ?" ಎಂದರು.

ಅಮ್ಮನನ್ನು ಎತ್ತಿಕೊಂಡು ಹೊಸ್ತಿಲು ದಾಟುತ್ತ ನಾನು ಹಿಂದೆ ತಿರುಗಿ, "ವಿಶಾಲು, ಡಬ್ಬಿಯಿಂದ ದುಡ್ಡು ತಗೊಂಡು ಬಾ" ಎಂದು ಕೂಗಿದೆ. ಅವಳು ಸಿಕ್ಕ ನೋಟುಗಳನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಓಡಿಬಂದು ವ್ಯಾನಿನ ಹಿಂದೆ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಜಯನಗರದ ನರ್ಸಿಂಗ್ ಹೋಮಿನ ಬಾಗಿಲಲ್ಲಿ ಅಮ್ಮನನ್ನು ಒಳಗೆ ಕರೆದೊಯ್ಯುವಾಗ ಆ ಗಂಟನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿ ತಾನು ಅಮ್ಮನ ಹಿಂದೆ ಹೋದಳು. ಹತ್ತರ ಆರು ನೋಟುಗಳು. ಫಿನಾಯಿಲ್ ವಾಸನೆಯ ನಡುವೆ ನಗದು ಕಟ್ಟುವ ಕಿಂಡಿಯಲ್ಲಿ ಅರವತ್ತು ರೂಪಾಯಿ ಮುಂಗಡ ಕೇಳಿದರು. ನಾನೇ ಎಣಿಸಿ ಕೊಟ್ಟೆ. ಆಮೇಲೆ ಒಂದು ಕಾಗದವನ್ನು ಮುಂದೆ ತಳ್ಳಿ ಸಹಿ ಹಾಕಿ ಎಂದರು.

ನಾನು ಲೇಖನಿಯನ್ನು ಮುಟ್ಟಲಿಲ್ಲ. "ಇವತ್ತು ನಾನು ಬರೆಯೋ ಹಾಗಿಲ್ಲ" ಎಂದೆ. ತಾಯಿ ಒಳಗೆ ಉಸಿರಿಗಾಗಿ ಒದ್ದಾಡುತ್ತಿರುವಾಗ ಆ ಮಾತು ನನ್ನ ಬಾಯಿಂದ ಬಂತು. ಬಾಲ್ಯದಿಂದ ರಕ್ತದಲ್ಲಿ ಸೇರಿದ ನೇಮ ಅದು. ಹೆದರಿಕೆಯಲ್ಲಿ ಮನುಷ್ಯ ತನಗೆ ಗೊತ್ತಿರುವುದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ.

"ಸಾರ್, ಸೈನ್ ಇಲ್ದೆ ಅಡ್ಮಿಟ್ ಮಾಡ್ಕೊಳ್ಳೋಕಾಗಲ್ಲ" ಎಂದರು ಕಿಂಡಿಯವರು.

"ಕೊಡ್ರೀ ಇಲ್ಲಿ" ಎಂದು ಮುನಿಯಪ್ಪನವರು ಕಾಗದವನ್ನು ಎಳೆದುಕೊಂಡರು. "ನಾನ್ ಹಾಕ್ತೀನಿ. ನಂಗೂ ಸರಸ್ವತಿಗೂ ಅಷ್ಟೊಂದು ಬಳಕೆ ಇಲ್ಲ, ಆಕೆ ಏನೂ ಅಂದ್ಕಳಲ್ಲ." ದೊಡ್ಡದಾಗಿ ಸಹಿ ಹಾಕಿದರು. ಮುಂಗಡದ ರಸೀತಿಯನ್ನೂ ಅವರ ಕೈಗೇ ಕೊಟ್ಟರು.

ಅಮ್ಮ ಉಳಿದಳು. ನಾಲ್ಕು ದಿನ ಅಲ್ಲಿದ್ದಳು. ವಿಶಾಲು ಅವಳ ಮಂಚದ ಪಕ್ಕದಿಂದ ಏಳಲಿಲ್ಲ. ವಿಜಯದಶಮಿಯ ಸಂಜೆ ನಾನು ಒಬ್ಬನೇ ಪುಸ್ತಕವನ್ನು ಇಳಿಸಿ, ನೆನಪಿಗೆ ಬಂದ ಹೂವು ಹಣ್ಣುಗಳ ಖರ್ಚನ್ನು ಬರೆದು ಮುಚ್ಚಿದೆ. ಹಿಂದಿನ ರಾತ್ರಿಯೆಲ್ಲ ಮಲಗಿರಲಿಲ್ಲ. ಅಮ್ಮನನ್ನು ಕರೆತರುವ ದಿನ ಬಿಲ್ಲಿನ ಕೊನೆಯ ಅಂಕಿಯನ್ನು ನೋಡಿ ನೂರಾ ನಲವತ್ತು ರೂಪಾಯಿ ಕಟ್ಟಿದೆ. 'ಆಸ್ಪತ್ರೆ 140' ಎಂದು ಬರೆದೆ. ಬಿಲ್ಲನ್ನು ಗೋಡೆಯ ತಂತಿಗೆ ಚುಚ್ಚಿದೆ. ಮೊದಲೇ ಕೊಟ್ಟ ಅರವತ್ತು ಪುಸ್ತಕಕ್ಕೆ ಬರಲಿಲ್ಲ, ನನ್ನ ನೆನಪಿಗೂ ಬರಲಿಲ್ಲ.

ತಿಂಗಳ ಕೊನೆಯಲ್ಲಿ ಡಬ್ಬಿಯಲ್ಲಿ ಅರವತ್ತು ರೂಪಾಯಿ ಕಡಿಮೆಯಿತ್ತು. ಆ ಕಾಲಕ್ಕೆ ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ಎರಡು ಮನೆಪಾಠಗಳ ತಿಂಗಳ ದುಡಿಮೆ. ಮೂರು ಸಂಜೆ ಕೂಡಿಸಿದೆ, ಕಳೆದೆ. ನಾಲ್ಕನೆಯ ಸಂಜೆ ಕಣ್ಣು ಮುಚ್ಚಿ ಕುಳಿತಾಗ ಒಂದು ಚಿತ್ರ ಎದುರಿಗೆ ನಿಂತಿತು: ದೇವರ ಗೂಡಿನ ಮುಂದೆ ವಿಶಾಲು ಬಗ್ಗಿದ್ದಾಳೆ, ಡಬ್ಬಿಯ ಮುಚ್ಚಳ ತೆರೆದಿದೆ, ನೋಟುಗಳು ಅವಳ ಸೆರಗಿನ ಗಂಟಿಗೆ ಸೇರುತ್ತಿವೆ. ನಾನೇ ಕೂಗಿ ಹೇಳಿದ್ದು ಆ ಚಿತ್ರದಲ್ಲಿ ಇರಲಿಲ್ಲ. ದಣಿದ ಮನಸ್ಸು ಅರ್ಧವನ್ನು ಇಟ್ಟುಕೊಂಡು ಅರ್ಧವನ್ನು ಕೈಬಿಟ್ಟಿತ್ತು. ಇಟ್ಟುಕೊಂಡ ಅರ್ಧ ಅವಳ ವಿರುದ್ಧವಾಗಿತ್ತು.

ಆ ಪುಟದ ಕೊನೆಯಲ್ಲಿ ಬರೆದೆ: 'ರೂ. 60 ಕಡಿಮೆ. ವಿಶಾಲು ತೆಗೆದಿರಬೇಕು. ಕೇಳಿಲ್ಲ.'

ಜಾನಕಿ ಹಿಂದೆ ನಿಂತು ಓದಿದಳು. "ಇದೇನು ಬರ್ದಿದೀರಿ? ಅವಳನ್ನ ಒಂದು ಮಾತು ಕೇಳ್ಬಾರ್ದಾ?"

"ಕೇಳಿದ್ರೆ ಅವಳಿಗೆ ಅವಮಾನ ಆಗತ್ತೆ. ಗಂಡನಿಲ್ಲದ ಹುಡುಗಿ. ಏನೋ ಅಗತ್ಯ ಇದ್ದಿರಬೇಕು."

"ಕೇಳಿದ್ರೆ ಅವಮಾನ, ಬರೆದ್ರೆ ಅಲ್ವಾ?"

"ಪುಸ್ತಕ ನಾನೊಬ್ಬನೇ ನೋಡೋದು."

"ಶುಕ್ರವಾರ ಶುಕ್ರವಾರ ಅದನ್ನ ಒರೆಸಿ ಹೂವಿಡೋಳು ಯಾರು, ಅದೂ ಮರ್ತುಹೋಯ್ತಾ?" ಎಂದು ಹೇಳಿ ಜಾನಕಿ ಒಳಗೆ ಹೋದಳು. ಆಗಲಾದರೂ ಕೇಳಬಹುದಾಗಿತ್ತು. ಹೊಡೆದುಹಾಕುವಂತಿಲ್ಲವೆಂಬ ನೇಮದ ಹಿಂದೆ ಅಡಗಿಕೊಂಡೆ. ನಿಜವಾಗಿ ಹೇಳುವುದಾದರೆ, ಆ ಸಂಜೆ ಇನ್ನೊಂದು ಮಾತನ್ನು ಎತ್ತಿ ಮುಗಿಸುವ ತ್ರಾಣ ನನ್ನಲ್ಲಿರಲಿಲ್ಲ.

ಮುಂದಿನ ಶುಕ್ರವಾರದ ನಂತರ ಸಂಜೆಯ ಅರ್ಧ ಗಂಟೆ ಬದಲಾಯಿತು. ವಿಶಾಲು ಬಂದು ಕೂರುತ್ತಿದ್ದಳು. "ಬೆಂಡೆಕಾಯಿ ಎಪ್ಪತ್ತು. ಸಾಸಿವೆ ನಲವತ್ತು. ಚಿಲ್ಲರೆ ಡಬ್ಬೀಲಿ ಹಾಕಿದೀನಿ, ಅತ್ತಿಗೆ ನೋಡಿದಾರೆ." ಅಷ್ಟೇ. ಅತ್ತಿಗೆ ನೋಡಿದಾರೆ ಎಂಬ ಮಾತು ಹೊಸದು. ಚಿತ್ರಗುಪ್ತ ಮತ್ತೆ ನಮ್ಮ ಮನೆಗೆ ಬರಲಿಲ್ಲ. "ಯಾಕೋ ವಿಶಾಲು ಮಾತೇ ಆಡಲ್ವಲ್ಲೋ" ಎಂದು ಅಮ್ಮ ಹಾಸಿಗೆಯಿಂದ ಕೇಳಿದರೆ, "ಸುಸ್ತಮ್ಮ, ಎಲ್ಲರಿಗೂ ಸುಸ್ತು" ಎನ್ನುತ್ತಿದ್ದೆ.

ಕಾರ್ತಿಕದಲ್ಲಿ ಅವಳು ಕೆಲಸಕ್ಕೆ ಸೇರಿದಳು. ಶ್ರೀನಗರದ ಕಡೆ ಒಂದು ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅಡುಗೆಮನೆಯ ಮೇಲ್ವಿಚಾರಣೆ. ನಮ್ಮ ಮನೆಯಿಂದ ಹೆಣ್ಣುಮಗಳೊಬ್ಬಳು ಹೊರಗೆ ದುಡಿಯಲು ಹೋದದ್ದು ಅದೇ ಮೊದಲು. ನಾನು ಬೇಡವೆನ್ನಲಿಲ್ಲ. ಸಂಬಳದಲ್ಲಿ ಬಸ್ಸಿಗೆಂದು ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ಜಾನಕಿಯ ಕೈಗೆ ಕೊಡುತ್ತಿದ್ದಳು. ಅದನ್ನು ಜಮಾದಲ್ಲಿ ಬರೆಯುತ್ತಿದ್ದೆ.

ಆ ತಿಂಗಳ ಕೊನೆಯಲ್ಲಿ ಡಬ್ಬಿಯಲ್ಲಿ ಹತ್ತು ರೂಪಾಯಿ ಹೆಚ್ಚಿತ್ತು. ಎರಡು ಬಾರಿ ಎಣಿಸಿ, 'ಹೆಚ್ಚಿಗೆ ಸಿಕ್ಕಿದ್ದು 10' ಎಂದು ಬರೆದೆ. ಮುಂದಿನ ತಿಂಗಳೂ ಹತ್ತು ಹೆಚ್ಚು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಹತ್ತು. ಆಗ ನನಗೆ ಅರ್ಥವಾಯಿತೆಂದು ತಿಳಿದುಕೊಂಡೆ. ತೆಗೆದದ್ದನ್ನು ಕಂತಿನಲ್ಲಿ ತೀರಿಸುತ್ತಿದ್ದಾಳೆ. ತಪ್ಪು ಒಪ್ಪಿಕೊಂಡಂತೆಯೇ ಆಯಿತು. ದೇವರ ಮುಂದೆ ಕುಳಿತು ಅವಳನ್ನು ಮನಸ್ಸಿನಲ್ಲೇ ಕ್ಷಮಿಸಿದೆ. ನನ್ನ ಔದಾರ್ಯಕ್ಕೆ ಕಣ್ಣು ತೇವವಾದದ್ದೂ ನೆನಪಿದೆ. ಇದನ್ನು ಬರೆಯುವಾಗ ಕೈ ನಾಚುತ್ತದೆ, ಆದರೂ ಬರೆಯಬೇಕು.

ಚಳಿ ಹೋಗಿ ಬಿಸಿಲು ಬಂತು. ನಲ್ಲಿಯಲ್ಲಿ ನೀರು ಎರಡು ದಿನಕ್ಕೊಮ್ಮೆಯಾಯಿತು. ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನು ಹೊತ್ತು ತಂದು ಫ್ಯಾನಿಲ್ಲದ ಕೋಣೆಯಲ್ಲಿ ತಿದ್ದುತ್ತಿದ್ದೆ. ಅಮ್ಮನ ಔಷಧಿಗೆಂದು ಮೂರನೆಯ ಮನೆಪಾಠದ ಜೊತೆಗೆ ನಾಲ್ಕನೆಯದನ್ನೂ ಹಿಡಿದಿದ್ದೆ. ಏಪ್ರಿಲಿನ ಕೊನೆಯಲ್ಲಿ ಆರನೆಯ ಹತ್ತು ರೂಪಾಯಿ ಡಬ್ಬಿಯಲ್ಲಿತ್ತು. ಅದರ ಮರುದಿನವೇ ವಿಶಾಲು ಹೇಳಿದಳು:

"ಅಣ್ಣ, ಜೂನಿಂದ ಅಲ್ಲೇ ಇರೋಕೆ ಹೇಳ್ತಿದಾರೆ. ಒಂದು ರೂಮ್ ಕೊಡ್ತಾರೆ. ಒಪ್ಕೊಂಡಿದೀನಿ."

"ಇಲ್ಲೇನು ಕಡಿಮೆಯಾಯ್ತು?" ಎಂದೆ.

"ಏನೂ ಕಡಿಮೆ ಇಲ್ಲ. ಈಗ ಎಲ್ಲಾ ಸರಿಹೋಗಿದೆ" ಎಂದು ಎದ್ದುಹೋದಳು.

ಅದೇ ವಾರ ಬಾಡಿಗೆಗೆಂದು ಮುನಿಯಪ್ಪನವರು ಇಳಿದು ಬಂದರು. ಜಗುಲಿಯ ಮೇಲೆ ಕುಳಿತು ಜಾನಕಿ ಕೊಟ್ಟ ಮಜ್ಜಿಗೆ ಕುಡಿದು ಬಾಯೊರೆಸಿಕೊಂಡರು.

"ಮೇಷ್ಟ್ರೇ, ನಮ್ ಸೊಸೇನ ಹೆರಿಗೆಗೆ ಅದೇ ನರ್ಸಿಂಗ್ ಹೋಮಿಗೆ ಸೇರ್ಸಾಣ ಅಂತಿವ್ನಿ. ಮೊದ್ಲೇ ಎಷ್ಟು ಕಟ್ಟಿಸ್ಕಂತಾರೆ? ಅವತ್ತು ನಿಮ್ಮತ್ರ ಅರವತ್ತು ಇಸ್ಕಂಡ್ರಲ್ಲ, ಈಗ್ಲೂ ಅಷ್ಟೇನಾ?"

"ಅರವತ್ತು ಎಲ್ಲಿ ಮುನಿಯಪ್ಪನವರೇ? ನಾನು ಕಟ್ಟಿದ್ದು ನೂರಾ ನಲವತ್ತು, ಕೊನೆಯ ದಿನ."

"ಅಯ್ಯೋ, ಅದು ಆಮೇಲಿಂದು. ಮೊದಲ್ನೇ ದಿನ? ನಿಮ್ ತಂಗಿಯಮ್ಮ ಸೆರಗಿನ್ ಗಂಟಿಂದ ತೆಗ್ದು ಕೊಟ್ರು. ನೀವು ಎಣಿಸಿ ಕಟ್ಟುದ್ರಿ. ಸೈನ್ ಹಾಕಲ್ಲ ಅಂತ ನೀವು ಕುಂತ್ರಿ, ನಾನ್ ಹಾಕ್ದೆ." ಅಂಗಿಯ ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದರು. "ರಸೀತಿ ನನ್ ವ್ಯಾನಲ್ಲೇ ಉಳ್ಕಂಡಿತ್ತು. ಎಷ್ಟು ಅಂತ ನೋಡಾಣ ಅಂತ ಇವತ್ ಹುಡುಕ್ದೆ. ತಗಳಿ."

ರಸೀತಿಯ ಮೇಲೆ ಒಣಗಿದ ಚೆಂಡುಹೂವಿನ ಎಸಳೊಂದು ಅಂಟಿಕೊಂಡಿತ್ತು. ಅಮ್ಮನ ಹೆಸರು, ಆಯುಧಪೂಜೆಯ ತಾರೀಖು, ಅರವತ್ತು ರೂಪಾಯಿ. ನಾನು ಒಳಗೆ ಹೋಗಿ ಗೋಡೆಯ ತಂತಿಯಿಂದ ಬಿಲ್ಲುಗಳನ್ನು ಒಂದೊಂದಾಗಿ ಬಿಡಿಸಿದೆ. ಆಸ್ಪತ್ರೆಯ ಬಿಲ್ಲಿನಲ್ಲಿ ಒಟ್ಟು ಇನ್ನೂರು, ಮುಂಗಡ ಅರವತ್ತು, ಬಾಕಿ ನೂರಾ ನಲವತ್ತು ಎಂದು ಸ್ಪಷ್ಟವಾಗಿತ್ತು. ಆರು ತಿಂಗಳು ಆ ಕಾಗದ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು. ಹಳೆಯ ಗ್ರಂಥಗಳಲ್ಲಿ ಒಂದು ಅನುಸ್ವಾರ ತಪ್ಪಿದ್ದರೆ ಗುರುತಿಸುವ ಕಣ್ಣು, ಆ ಮೂರು ಸಾಲನ್ನು ಓದಿರಲಿಲ್ಲ.

ಮುನಿಯಪ್ಪನವರಿಗೆ ಏನು ಹೇಳಿ ಕಳಿಸಿದೆನೋ ನೆನಪಿಲ್ಲ. ಬಾಡಿಗೆ ಕೊಡುವುದನ್ನೂ ಮರೆತೆನೆಂದು ಜಾನಕಿ ಆಮೇಲೆ ಹೇಳಿದಳು.

ಸಂಜೆ ಐದೂವರೆಗೆ ವಿಶಾಲು ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು. ಕಾಲು ತೊಳೆದುಕೊಂಡು ಒಳಗೆ ಬರುವವರೆಗೂ ಕಾಯಲಾರದೆ ಹಿತ್ತಲ ಬಾಗಿಲಿಗೇ ಹೋಗಿ, ರಸೀತಿಯನ್ನು ಅವಳ ಮುಂದೆ ಹಿಡಿದೆ. ಅವಳು ಓದಿದಳು. ಆಶ್ಚರ್ಯಪಡಲಿಲ್ಲ.

"ನಿನಗೆ ಗೊತ್ತಿತ್ತು" ಎಂದೆ.

"ಗೊತ್ತಿಲ್ದೆ ಏನು? ನಾನೇ ಕೊಟ್ಟಿದ್ದಲ್ವಾ ನಿನ್ನ ಕೈಗೆ."

"ಮತ್ತೆ ಹೇಳಲಿಲ್ಲ ಯಾಕೆ?"

"ನೀನು ಕೇಳಲಿಲ್ಲ ಯಾಕೆ?" ಎಂದಳು. ದನಿ ಏರಿರಲಿಲ್ಲ. "ನಿನ್ನ ಅಕ್ಷರದಲ್ಲೇ ಬರ್ದಿತ್ತು ಅಣ್ಣ. ಕೇಳಿಲ್ಲ ಅಂತ. ಕೇಳದೇ ಇದ್ದೋರಿಗೆ ನಾನೇ ಹೋಗಿ, ನಾನು ಕದ್ದಿಲ್ಲ ಅಂತ ಹೇಳ್ಬೇಕಿತ್ತಾ? ಎಂಟು ವರ್ಷ ದಿನಾ ಐದೈದು ಪೈಸೆ ಒಪ್ಪಿಸಿದ್ದೆ."

"ತೆಗೆದುಕೊಳ್ಳದೇ ಇದ್ದ ದುಡ್ಡನ್ನು ತೀರಿಸಿದ್ದು ಯಾಕಮ್ಮ?"

"ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಇತ್ತಲ್ಲ. ಶ್ರೀಕಾರದ ಕೆಳಗೆ. ಅದನ್ನ ಇಟ್ಕೊಂಡು ಈ ಮನೇಲಿ ಊಟ ಮಾಡೋಕೆ ಆಗಲಿಲ್ಲ. ಬಸ್ಸಿನ ದುಡ್ಡು ಅದು. ನಡ್ಕೊಂಡೇ ಹೋದೆ."

ಜಾನಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ವಿಶಾಲುವಿನ ಚಪ್ಪಲಿ ಹಿತ್ತಲ ಕಲ್ಲಿನ ಮೇಲಿತ್ತು. ಹಿಮ್ಮಡಿಯ ಜಾಗದಲ್ಲಿ ರಬ್ಬರು ಸವೆದು ಕಾಗದದಷ್ಟು ತೆಳುವಾಗಿತ್ತು. ಆರು ತಿಂಗಳಿಂದ ನನ್ನ ಚಪ್ಪಲಿಯ ಪಕ್ಕದಲ್ಲೇ ಅದನ್ನು ಬಿಡುತ್ತಿದ್ದಳು.

ನಾನು ಪುಸ್ತಕ ತಂದು ಆ ಪುಟ ತೆರೆದೆ. ಲೇಖನಿ ಎತ್ತಿ ಆ ಸಾಲನ್ನು ಹೊಡೆದುಹಾಕಲು ಹೊರಟಾಗ ಅವಳು ನನ್ನ ಮಣಿಕಟ್ಟನ್ನು ಹಿಡಿದಳು.

"ಹೊಡೀಬೇಡ. ಅಪ್ಪ ಒಪ್ತಿರಲಿಲ್ಲ. ಹೊಡೆದ್ರೂ ಕೆಳಗಡೆ ಏನಿತ್ತು ಅಂತ ಕಾಣತ್ತೆ. ನಿಜ ಏನು ಅಂತ ಕೆಳಗೆ ಬರಿ."

ಬರೆದೆ: 'ಮೇಲಿನ ಅರವತ್ತು ರೂಪಾಯಿ ಆಯುಧಪೂಜೆಯ ದಿನ ಆಸ್ಪತ್ರೆಗೆ ಕಟ್ಟಿದ ಮುಂಗಡ. ತೆಗೆಯಲು ಹೇಳಿದವನು ನಾನು, ಕಟ್ಟಿದವನು ನಾನು, ಮರೆತವನು ನಾನು. ವಿಶಾಲಾಕ್ಷಿ ನಿರ್ದೋಷಿ.' ಅವಳು ಬಗ್ಗಿ ಓದಿದಳು. ನಾನು ಡಬ್ಬಿಯಿಂದ ಆರು ನೋಟು ತೆಗೆದು ಮುಂದೆ ಹಿಡಿದೆ. ಬೇಡವೆನ್ನುವಳೆಂದು ಎಣಿಸಿದ್ದೆ, ತೆಗೆದುಕೊಂಡು ಎಣಿಸಿ ಸೆರಗಿಗೆ ಕಟ್ಟಿಕೊಂಡಳು.

"ಚಪ್ಪಲಿ ತಗೋಬೇಕು" ಎಂದಳು.

"ಇನ್ನು ಹೋಗಬೇಡ ವಿಶಾಲು. ಇಲ್ಲೇ ಇರು."

ಅವಳು ಹೇಳಿದಳು, "ಕೋಪಕ್ಕೆ ಹೋಗ್ತಿಲ್ಲ ಅಣ್ಣ. ಅಲ್ಲಿ ಉಗ್ರಾಣದ ಬೀಗದಕೈ ನನ್ನ ಸೊಂಟದಲ್ಲಿರತ್ತೆ. ಸಂಜೆ ಯಾರೂ ಏನೂ ಕೇಳಲ್ಲ. ನಾನೇ ಬರೀತೀನಿ, ನಾನೇ ಸೈನ್ ಹಾಕ್ತೀನಿ. ನಿದ್ದೆ ಬರತ್ತೆ ನಂಗೆ." ಪುಸ್ತಕವನ್ನು ನನ್ನ ಕಡೆ ಸರಿಸಿ, "ಒಂದು ಕೇಳ್ಲಾ? ಇನ್ನು ಮೇಲೆ ನಿನ್ನ ಪುಸ್ತಕದಲ್ಲಿ ನನ್ನ ಹೆಸರು ಬೇಡ. ಜಮ ಬೇಡ, ಖರ್ಚೂ ಬೇಡ. ಏನಕ್ಕೂ ಬೇಡ."

"ಆಗಲಿ" ಎಂದೆ. ಅದು ಶ್ರೀಕಾರದ ಎದುರಿಗೆ ಕೊಟ್ಟ ಮಾತು.

ಜೂನಿನ ಮೊದಲ ಮಳೆಯ ದಿನ ಮುನಿಯಪ್ಪನವರ ವ್ಯಾನಿನಲ್ಲೇ ತಗಡಿನ ಪೆಟ್ಟಿಗೆ ಶ್ರೀನಗರಕ್ಕೆ ಹೋಯಿತು. ಅಮ್ಮ ಬಾಗಿಲವರೆಗೆ ನಡೆದು ಬಂದು ನಿಂತಿದ್ದಳು. ವಿಶಾಲು ಮುಂದೆ ಅದೇ ವಿದ್ಯಾರ್ಥಿನಿಲಯದ ಮೇಲ್ವಿಚಾರಕಿಯಾಗಿ, ನೂರಾರು ಹೆಣ್ಣುಮಕ್ಕಳಿಗೆ ಅತ್ತೆಯಾಗಿ ಬಾಳಿದಳು. ಹಬ್ಬಗಳಿಗೆ ಬರುತ್ತಿದ್ದಳು, ಅಮ್ಮನ ಕೊನೆಯ ದಿನಗಳಲ್ಲಿ ತಿಂಗಳುಗಟ್ಟಲೆ ಬಂದು ಇದ್ದಳು, ಮತ್ತೆ ನಗಿಸುತ್ತಲೂ ಇದ್ದಳು. ಲೆಕ್ಕದ ಮಾತು ಮಾತ್ರ ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ.

ಪ್ರತಿ ದೀಪಾವಳಿಗೆ ಅವಳಿಗೊಂದು ಸೀರೆ ತರುತ್ತಿದ್ದೆ. ಜಯನಗರ ನಾಲ್ಕನೆಯ ಬ್ಲಾಕಿನ ಅಂಗಡಿಗಳಲ್ಲಿ ಸುತ್ತಿ, ಅವಳಿಗೆ ಹಿಡಿಸುವ ನಸುಬಣ್ಣವನ್ನು ನಾನೇ ಆರಿಸುತ್ತಿದ್ದೆ. ಆ ಖರ್ಚನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಬೇರೆ ಹೆಸರಿನಲ್ಲಿ ಬರೆದರೆ ಸುಳ್ಳಾಗುತ್ತಿತ್ತು. ಆದ್ದರಿಂದ ವರ್ಷಕ್ಕೊಂದು ತಿಂಗಳು ನಮ್ಮ ಡಬ್ಬಿಯಲ್ಲಿ ಒಂದು ಸೀರೆಯ ಬೆಲೆಯಷ್ಟು ಹಣ ಕಡಿಮೆಯಿರುತ್ತಿತ್ತು. ಇಪ್ಪತ್ತೊಂಬತ್ತು ದೀಪಾವಳಿ ಹೀಗೆ ಕಳೆದವು. ತಂದೆಯವರ ಮೊದಲನೆಯ ನೇಮವನ್ನು ನಾನು ತಿಳಿದೂ ತಿಳಿದೂ ಮುರಿದದ್ದು ಆ ಇಪ್ಪತ್ತೊಂಬತ್ತು ತಿಂಗಳುಗಳಲ್ಲಿ ಮಾತ್ರ. ಪ್ರತಿ ಸಲವೂ ಕಡಿಮೆಯಾದುದನ್ನು ನೋಡಿ, ಕೈಮುಗಿದು, ಅದರ ಕೆಳಗೆ 'ಲೆಕ್ಕ ಸರಿ' ಎಂದು ಸಹಿ ಹಾಕಿದೆ.

ಈಗ ಅಮ್ಮ ಇಲ್ಲ, ಮುನಿಯಪ್ಪನವರಿಲ್ಲ, ಜಾನಕಿಯಿಲ್ಲ, ವಿಶಾಲುವೂ ಇಲ್ಲ. ಕೇಳು ಎಂದು ನನಗೆ ಬುದ್ಧಿ ಹೇಳಿದ ಜಾನಕಿಗೆ ಸದ್ಗತಿ ಇರಲಿ. ಮಗಳು ಮನೆ ಬಿಟ್ಟು ಹೋದ ಕಾರಣ ತಿಳಿಯದೆಯೇ ಕಣ್ಣು ಮುಚ್ಚಿದ ಅಮ್ಮನ ಆತ್ಮ ತಂಪಾಗಿರಲಿ. ನನಗಾಗಿ ಸಹಿ ಹಾಕಿದ ಆ ದೊಡ್ಡ ಕೈಯ ಸಂತತಿ, ಅದೇ ವರ್ಷ ಹುಟ್ಟಿದ ಅವರ ಮೊಮ್ಮಗಳೂ ಸೇರಿ, ಸುಖವಾಗಿ ಬಾಳಲಿ. ಆ ಕಿಂಡಿಯ ಹಿಂದೆ ಕುಳಿತು ರಸೀತಿ ಹರಿದುಕೊಟ್ಟವರಿಗೂ, ಐದು ಪೈಸೆಯನ್ನು ಮರುದಿನ ತಪ್ಪದೆ ತಂದುಕೊಟ್ಟ ಸೊಪ್ಪಿನವಳಿಗೂ ಒಳ್ಳೆಯದಾಗಲಿ. ಬಿಸಿಲಿನಲ್ಲಿ ಶ್ರೀನಗರದವರೆಗೆ ನಡೆದ ನನ್ನ ತಂಗಿ ಎಲ್ಲಿದ್ದರೂ, ಅವಳ ಪಾದಗಳಿಗೆ ನೆರಳಿರಲಿ.